ಬಳ್ಳಾರಿ ಗುಡ್ಡದ ಹಂಡೆ ನಾಯಕರು

ಬಳ್ಳಾರಿಯ ಹಂಡೆ ನಾಯಕರು ವಿಜಯನಗರದ ಆಶ್ರಯದಲ್ಲಿ ತಲೆಯೆತ್ತಿದ ಪಾಳೆಯಗಾರರು. 16ನೇ ಶತಮಾನದಲ್ಲಿ ಈ ಮನೆತನದ ಹನುಮಪ್ಪ ನಾಯಕ ಬಳ್ಳಾರಿ ಗುಡ್ಡದ ನೆತ್ತಿಯ ಮೇಲೆ ಕೋಟೆ ಕಟ್ಟಿದ. ಸುಮಾರು ಎರಡು ಶತಮಾನ ಆ ಕೋಟೆಯೇ ಮನೆತನದ ಬಲವಾಗಿತ್ತು. ಕುರುಬ ಮೂಲದ ಈ ಹಂಡೆಯವರ ಇನ್ನೊಂದು ಕವಲು ಅನಂತಪುರವನ್ನು ಆಳಿತು.

ಸಾಮಂತರ ಆಳ್ವಿಕೆ ಈ ಸೀಮೆಗೆ ಹೊಸದಾಗಿರಲಿಲ್ಲ. 12ನೇ ಶತಮಾನದಲ್ಲಿ ಕುರುಗೋಡಿನ ಸಿಂದರು ಕಲ್ಯಾಣದ ಚಾಲುಕ್ಯರ ಕೈಕೆಳಗೆ ಮಹಾಮಂಡಲೇಶ್ವರರಾಗಿ ಬಳ್ಳಕುಂದೆ ಮುನ್ನೂರು ಎಂಬ ನಾಡನ್ನು ಆಳಿದ್ದರು. ಯುರೋಪಿನ ಡ್ಯೂಕ್‌ಗಳ ಸ್ಥಾನಕ್ಕೆ ಹತ್ತಿರವಾದ ಪದವಿ ಅದು. ಪಾಳೆಯಗಾರಿಕೆ ಅದಕ್ಕಿಂತ ಚಿಕ್ಕದು, ಕಟ್ಟುಪಾಡು ಮಾತ್ರ ಹೆಚ್ಚುಕಡಿಮೆ ಒಂದೇ. ಮೇಲಿನ ದೊರೆಗೆ ಕಪ್ಪ ಸಲ್ಲಿಸಬೇಕು, ಕರೆ ಬಂದಾಗ ದಂಡು ಕಳಿಸಬೇಕು. ಅಷ್ಟು ನಡೆದರೆ ಊರಿನ ಕಂದಾಯ, ಕಾವಲು, ನ್ಯಾಯ ಎಲ್ಲವೂ ನಾಯಕನ ಕೈಯಲ್ಲಿ.

1565ರಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತಿತು. ದೊರೆ ಹೋದರೂ ನಾಯಕರು ಉಳಿದರು, ಕಪ್ಪ ಬಿಜಾಪುರದ ಆದಿಲ್‌ಶಾಹಿಗಳಿಗೆ ಹೋಗತೊಡಗಿತು. ಯಾರು ಬಲಶಾಲಿಯೋ ಅವರಿಗೆ ಕಪ್ಪ ಕೊಟ್ಟು ನೆಲ ಉಳಿಸಿಕೊಳ್ಳುವುದು ಹಂಡೆಯವರ ರೀತಿಯಾಯಿತು. ಇದನ್ನು ಹೇಡಿತನ ಎನ್ನಲಾಗದು. ಕಪ್ಪು ಎರೆನೆಲದ ಬಯಲಿನಲ್ಲಿ ನಿಂತ ಗುಡ್ಡವೊಂದನ್ನು ಹಿಡಿದು ಸುಲ್ತಾನರ ದಂಡನ್ನು ಎದುರಿಸಿದ್ದರೆ ಮನೆತನ ಒಂದು ತಲೆಮಾರೂ ಬಾಳುತ್ತಿರಲಿಲ್ಲ.

ಈ ನೀತಿ 1678ರಲ್ಲೂ ಕೈಹಿಡಿಯಿತು. ಶಿವಾಜಿಯ ದಂಡಿಗೆ ಮೇವು ತರಲು ಹೋದ ಕೆಲವರನ್ನು ಕೋಟೆಯವರು ಕೊಂದರು. ಶಿವಾಜಿ ಕೋಟೆಯನ್ನು ಗೆದ್ದುಕೊಂಡ. ಆದರೆ ಕಪ್ಪ ಕೊಡುವ ಷರತ್ತಿನ ಮೇಲೆ ಬೇಗನೆ ಅದನ್ನು ನಾಯಕರಿಗೇ ಹಿಂದಿರುಗಿಸಿದ.

ಪತನ ಬಂದದ್ದು ಆದವಾನಿಯ ಕಡೆಯಿಂದ. ಸಿರುಗುಪ್ಪಕ್ಕೆ ನೇರ ಮೂಡಲಿನ ಆ ಊರು 18ನೇ ಶತಮಾನದಲ್ಲಿ ಹೈದರಾಬಾದಿನ ನಿಜಾಮನ ತಮ್ಮ ಬಸಾಲತ್ ಜಂಗನ ಜಹಗೀರಾಗಿತ್ತು, ಬಳ್ಳಾರಿ ಅವನಿಗೆ ಕಪ್ಪ ಕೊಡಬೇಕಿತ್ತು. ಪಾಳೆಯಗಾರ ಕೊಡಲು ಒಪ್ಪದಿದ್ದಾಗ ಜಂಗನ ಸೇವೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಲಾಲಿಯ ಪಡೆ ಬಂದು ಕೋಟೆಗೆ ಮುತ್ತಿಗೆ ಹಾಕಿತು. ಪಾಳೆಯಗಾರ ಮೈಸೂರಿನ ಹೈದರ್ ಅಲಿಯ ನೆರವು ಬೇಡಿದ. 1775ರಲ್ಲಿ ಹೈದರ್ ಶ್ರೀರಂಗಪಟ್ಟಣದಿಂದ ಬಿರುಸಾಗಿ ಬಂದು, ಮುತ್ತಿಗೆ ಹಾಕಿದವರ ಮೇಲೆರಗಿ ಓಡಿಸಿದ. ಆಮೇಲೆ ಕೋಟೆಯನ್ನು ತಾನೇ ಇಟ್ಟುಕೊಂಡ.  ಹಂಡೆಯವರ ನೆಲ ಹೋದದ್ದು ಅವರೇ ಕರೆಸಿಕೊಂಡ ನೆಂಟನಿಗೆ.

ಗುಡ್ಡದ ಬುಡದಲ್ಲಿ ಕೊತ್ತಲ, ಕಂದಕಗಳಿರುವ ಕೆಳಕೋಟೆಯ ಬಹುಭಾಗ ಹೈದರನ ಕಾಲದ್ದು. ಅದನ್ನು ಕಟ್ಟಿಸಿದ ಫ್ರೆಂಚ್ ಎಂಜಿನಿಯರನನ್ನು, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿದೆ ಎಂದು ತಿಳಿದ ಮೇಲೆ, ಹೈದರ್ ಗಲ್ಲಿಗೇರಿಸಿದ ಎಂಬ ಕಥೆ ಊರಲ್ಲಿ ಎಲ್ಲರಿಗೂ ಗೊತ್ತು. ಆ ಕಥೆಯ ಅಬ್ಬರದಲ್ಲಿ ಹನುಮಪ್ಪ ನಾಯಕನ ಹೆಸರು ಮಸುಕಾಗಿರುವುದು ಬೇಸರದ ಸಂಗತಿ.

1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಬಳ್ಳಾರಿ ಮೈಸೂರಿನ ಕೈತಪ್ಪಿ ನಿಜಾಮನಿಗೆ ಸೇರಿತು. 1800ರಲ್ಲಿ ನಿಜಾಮ ಅದನ್ನು ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹೀಗೆ ಬಿಟ್ಟುಕೊಟ್ಟ ಸೀಮೆಗಳಾದ ದತ್ತ ಮಂಡಲಗಳ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಎದುರು ಆಗ ಸುಮಾರು 80 ಪಾಳೆಯಗಾರರೂ ಅವರ 30,000 ಆಯುಧಧಾರಿ ಬಂಟರೂ ಇದ್ದರು. ಕಂಪನಿ ಆ ಬಂಟರನ್ನು ಚದುರಿಸಿತು, ಆಳ್ವಿಕೆಯನ್ನು ಕಿತ್ತುಕೊಂಡಿತು, ಹಲವು ಮನೆತನಗಳಿಗೆ ಪಿಂಚಣಿ ಗೊತ್ತುಮಾಡಿತು. ಬಳ್ಳಾರಿಯ ಹಂಡೆಯವರು ಕೋಟೆ ಕಳೆದುಕೊಂಡು ಆಗಲೇ 25 ವರ್ಷವಾಗಿತ್ತು.

ಇಂದು ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ನೋಡಲು ಹೋದವರು ಕೆಳಕೋಟೆಯಿಂದಲೇ ಹಿಂದಿರುಗದೆ ಬಂಡೆಗಳ ನಡುವೆ ಹತ್ತಿ ಮೇಲಿನವರೆಗೂ ಹೋಗಬೇಕು. ಮಳೆನೀರು ಹಿಡಿದಿಡುವ ದೊಣೆಗಳು, ಹನುಮಪ್ಪ ನಾಯಕನ ಮೇಲ್ಕೋಟೆ, ಎಲ್ಲ ಅಲ್ಲಿವೆ.