ಸಬ್ಬಸಿಗೆಯೋ, ತಾಮ್ರವೋ? ಕೊಪೆರ್ನಿಕ್ ಎಂಬ ಅಪರೂಪದ ಅಡ್ಡಹೆಸರು

ಎಳೆ ಆಲೂಗಡ್ಡೆ ಬೇಯಿಸಿ, ಬೆಣ್ಣೆ ಹಾಕಿ, ಮೇಲೆ ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಉದುರಿಸಿದರೆ ಪೋಲೆಂಡಿನ ಮನೆಗಳಲ್ಲಿ ಬೇಸಿಗೆ ಬಂತೆಂದೇ ಲೆಕ್ಕ. ಉಪ್ಪುನೀರಿನಲ್ಲಿ ಸೌತೆಕಾಯಿ ಹುಳಿಬರಿಸುವ ಭರಣಿಗೂ ಹೂಬಿಟ್ಟ ಸಬ್ಬಸಿಗೆಯ ದಂಟು ಬೇಕೇ ಬೇಕು. ಈ ಸೊಪ್ಪಿಗೆ ಅಲ್ಲಿನವರ ಮಾತಿನಲ್ಲಿ ‘ಕೊಪೆರ್’ ಎಂದು ಹೆಸರು. ಅದಕ್ಕೆ ‘ನಿಕ್’ ಎಂಬ ಬಾಲ ಜೋಡಿಸಿ ನೋಡಿ: ಕೊಪೆರ್ನಿಕ್. ಸೂರ್ಯನನ್ನು ನಡುವೆ ಕೂರಿಸಿ ಭೂಮಿಯನ್ನು ಅದರ ಸುತ್ತ ತಿರುಗಲು ಬಿಟ್ಟವನ, ನಮ್ಮ ಶಾಲೆಯ ಪಾಠಗಳಲ್ಲಿ ಕೊಪರ್ನಿಕಸ್ ಎಂದು ಬರುವವನ ಮನೆತನದ ಹೆಸರು ಇದೇ. ಕೊನೆಯ ‘ಉಸ್’ ಲ್ಯಾಟಿನ್ ಪಂಡಿತರ ಸಭೆಗೆ ಹೋಗುವಾಗ ತೊಟ್ಟ ಅಂಗಿ, ಮನೆಯಲ್ಲಿ ತೊಡುತ್ತಿದ್ದದ್ದಲ್ಲ.

ಪೋಲಿಷ್ ಕಿವಿಗೆ ಸಬ್ಬಸಿಗೆ ಕೇಳುವ ಕಡೆ ಜರ್ಮನ್ ಕಿವಿಗೆ ತಾಮ್ರ ಕೇಳುತ್ತದೆ. ಜರ್ಮನ್ ಭಾಷೆಯಲ್ಲಿ ತಾಮ್ರಕ್ಕೆ ‘ಕುಪ್‌ಫರ್’, ಅದರ ಉತ್ತರದ ಹಳೆಯ ನುಡಿಗಳಲ್ಲಿ ‘ಕೊಪ್ಪರ್’. ವಿಜ್ಞಾನಿಯ ಅಪ್ಪ ಕ್ರಾಕೋವ್ ನಗರದಿಂದ ಬಂದ ತಾಮ್ರದ ಸಗಟು ವ್ಯಾಪಾರಿ ಬೇರೆ. ಇನ್ನೇನು ಬೇಕು, ಹೆಸರು ತಾಮ್ರದಿಂದಲೇ ಬಂತು ಎಂದು ಒಂದು ಕಡೆಯವರು. ಅಲ್ಲ, ಅದು ಅಪ್ಪಟ ಸ್ಲಾವ್ ಪದ ಎಂದು ಇನ್ನೊಂದು ಕಡೆಯವರು. ಈ ಜಗಳದ ಹಿಂದೆ ಆತ ಜರ್ಮನ್ನನೋ ಪೋಲನೋ ಎಂಬ ದೊಡ್ಡ ಜಗಳವೂ ಇತ್ತು. ಎರಡೂ ಕಡೆಯವರು ಒಂದು ಸಣ್ಣ ಸಂಗತಿಯನ್ನು ದಾಟಿಕೊಂಡು ಹೋಗುತ್ತಾರೆ. ಆ ಮನೆತನಕ್ಕೆ ಹೆಸರು ಕೊಟ್ಟದ್ದು ಸೊಪ್ಪೂ ಅಲ್ಲ, ಲೋಹವೂ ಅಲ್ಲ. ಒಂದು ಹಳ್ಳಿ.

ಊರು ಬಿಟ್ಟವನಿಗೆ ಊರ ಹೆಸರು

ಪೋಲೆಂಡಿನ ನೈಋತ್ಯದಲ್ಲಿ, ಝೆಕ್ ಗಡಿಗೆ ಹತ್ತಿರ, ನಿಸಾ ಪಟ್ಟಣದ ಪಕ್ಕ ಕೊಪೆರ್ನಿಕಿ ಎಂಬ ಹಳ್ಳಿಯಿದೆ. ಸೈಲೀಷಿಯಾ ಸೀಮೆಯ ಈ ಊರು 13ನೇ ಶತಮಾನದ ದಾಖಲೆಗಳಲ್ಲೇ ಕಾಣಿಸುತ್ತದೆ. ‘ಕೊಪೆರ್’ ಸಬ್ಬಸಿಗೆಯೋ ತಾಮ್ರವೋ ಎಂಬ ಪ್ರಶ್ನೆಯನ್ನು ಕೇಳಬೇಕಾದದ್ದು ಈ ಊರಿನ ಹೆಸರಿನ ಬಗ್ಗೆ. ಮನುಷ್ಯರ ಹೆಸರಾಗುವ ಹೊತ್ತಿಗೆ ಆ ಪದಕ್ಕೆ ‘ಆ ಊರಿನವನು’ ಎಂಬುದರ ಹೊರತು ಬೇರೆ ಅರ್ಥ ಉಳಿದಿರಲಿಲ್ಲ. ಅಪ್ಪ ತಾಮ್ರ ಮಾರಿದ್ದು ಕಾಕತಾಳೀಯ; ಅವನು ಹುಟ್ಟುವ ಮೊದಲೇ ಹೆಸರು ಮನೆತನಕ್ಕೆ ಅಂಟಿಕೊಂಡಿತ್ತು.

ಇಲ್ಲೊಂದು ತಮಾಷೆಯಿದೆ. ಕೊಪೆರ್ನಿಕಿಯಲ್ಲೇ ಬಾಳಿ ಅಲ್ಲೇ ಮಣ್ಣಾದವನಿಗೆ ಕೊಪೆರ್ನಿಕ್ ಎಂಬ ಹೆಸರು ಬರುವುದಿಲ್ಲ. ಊರಲ್ಲಿ ಎಲ್ಲರೂ ಆ ಊರಿನವರೇ ಆಗಿರುವಾಗ ಯಾರನ್ನು ಹಾಗೆ ಕರೆದು ಗುರುತಿಸುವುದು? ಗಂಟುಮೂಟೆ ಕಟ್ಟಿ ಬೇರೆ ಪೇಟೆಗೆ ಬಂದವನಿಗೆ ಮಾತ್ರ ಅಲ್ಲಿನವರು ಊರ ಹೆಸರು ಹಚ್ಚುತ್ತಾರೆ. ಅದರಂತೆ ಆಗಿನ ರಾಜಧಾನಿ ಕ್ರಾಕೋವ್‌ನಲ್ಲಿ 1367ರಲ್ಲಿ, ವಿಸ್ತುಲಾ ನದಿಯ ದಡದ ಟೊರುನ್‌ನಲ್ಲಿ 1400ರಲ್ಲಿ ಈ ಹೆಸರಿನವರು ಕಾಣಿಸಿಕೊಳ್ಳುತ್ತಾರೆ. ಖಗೋಳ ವಿಜ್ಞಾನಿಯ ಅಪ್ಪ ಕ್ರಾಕೋವ್‌ನಿಂದ ಟೊರುನ್‌ಗೆ ಬಂದದ್ದು 1458ರ ಸುಮಾರಿಗೆ. ತಾಯಿ ಬಾರ್ಬರಾಳ ತವರಿನ ವಾಟ್ಸೆನ್‌ರೋಡೆ ಎಂಬ ಹೆಸರಿನ ಬೇರೂ ಸೈಲೀಷಿಯಾದಲ್ಲೇ, ಇಂದು ಪ್ಶೆನ್ನೊ ಎನ್ನುವ ಇನ್ನೊಂದು ಹಳ್ಳಿಯಲ್ಲಿದೆ.

1367ರ ಕೊಪೆರ್ನಿಕನೂ 1400ರ ಕೊಪೆರ್ನಿಕನೂ ದಾಯಾದಿಗಳಾಗಿರಲೇಬೇಕೆಂದಿಲ್ಲ. ಒಂದೇ ಹಳ್ಳಿಯಿಂದ ಬೇರೆ ಬೇರೆ ಕಾಲಕ್ಕೆ ಹೊರಟ, ಪರಸ್ಪರ ಸಂಬಂಧವೇ ಇಲ್ಲದ ಇಬ್ಬರಿಗೂ ಹೊಸ ಊರಿನಲ್ಲಿ ಅದೇ ಹೆಸರು ಬಿದ್ದಿರಬಹುದು. ಅಪರೂಪದ ಅಡ್ಡಹೆಸರು ನಕಾಶೆಯ ಮೇಲೆ ಒಂದು ಚುಕ್ಕೆಯನ್ನು ಬೊಟ್ಟುಮಾಡಿ ತೋರಿಸುತ್ತದೆ, ನಿಜ. ರಕ್ತಸಂಬಂಧದ ಬಗ್ಗೆ ಅದರ ಸಾಕ್ಷಿ ಅಷ್ಟು ಗಟ್ಟಿಯಲ್ಲ.

ನಾಲ್ಕು ಲಕ್ಷ ಹೆಸರುಗಳ ನಾಡು

ಪೋಲೆಂಡಿನಲ್ಲಿ ಅತಿ ಹೆಚ್ಚು ಜನರ ಅಡ್ಡಹೆಸರು ನೋವಾಕ್. ಸುಮಾರು 2 ಲಕ್ಷ ಮಂದಿ. ‘ನೋವಿ’ ಎಂದರೆ ಹೊಸ. ನೋವಾಕ್ ಎಂದರೆ ಊರಿಗೆ ಹೊಸದಾಗಿ ಬಂದವನು. ಅದರ ಹಿಂದೆಯೇ ಬರುವುದು ಕೊವಾಲ್ಸ್ಕಿ, ‘ಕೊವಾಲ್’ ಅಂದರೆ ಕಮ್ಮಾರ ಎಂಬುದರಿಂದ. ಪ್ರತಿ ಊರಲ್ಲೂ ಒಬ್ಬ ಕಮ್ಮಾರ, ಪ್ರತಿ ಊರಿಗೂ ಒಬ್ಬ ಹೊಸಬ. ಹಾಗಾಗಿ ಈ ಹೆಸರುಗಳು ನೂರಾರು ಕಡೆ, ಒಂದಕ್ಕೊಂದು ಸಂಬಂಧವಿಲ್ಲದೆ ಹುಟ್ಟಿಕೊಂಡವು. ಕೊಪೆರ್ನಿಕ್ ಹುಟ್ಟಲು ಕೊಪೆರ್ನಿಕಿಯೇ ಬೇಕು.

2 ಲಕ್ಷ ಎಂದಾಗ ದೊಡ್ಡ ಸಂಖ್ಯೆ ಅನ್ನಿಸುತ್ತದೆ. ಆದರೆ ಸುಮಾರು 3.8 ಕೋಟಿ ಜನರ ದೇಶದಲ್ಲಿ ಅದು ನೂರಕ್ಕೆ ಅರ್ಧ ಪಾಲು ಮಾತ್ರ. ದಕ್ಷಿಣ ಕೊರಿಯಾದಲ್ಲಿ ಐವರಲ್ಲಿ ಒಬ್ಬರು ಕಿಮ್. ಪೋಲೆಂಡಿನಲ್ಲಿ ಬಳಕೆಯಲ್ಲಿರುವ ಅಡ್ಡಹೆಸರುಗಳು 4 ಲಕ್ಷಕ್ಕೂ ಹೆಚ್ಚು. ಭಾಗಿಸಿ ನೋಡಿದರೆ ಒಂದು ಹೆಸರಿಗೆ ಸರಾಸರಿ ನೂರು ಜನವೂ ಸಿಗುವುದಿಲ್ಲ. ನೋವಾಕ್, ಕೊವಾಲ್ಸ್ಕಿಯಂಥ ಕೆಲವು ಹೆಸರುಗಳೇ ಲಕ್ಷಗಟ್ಟಲೆ ಜನರನ್ನು ಬಾಚಿಕೊಂಡ ಮೇಲೆ ಉಳಿದವಕ್ಕೆ ಇನ್ನೂ ಕಡಿಮೆ. ಅಂದರೆ ಅಲ್ಲಿ ಜನರಲ್ಲಿ ಅಪರೂಪವಾದದ್ದು ಹೆಸರುಗಳ ಪಟ್ಟಿಯಲ್ಲಿ ಸರ್ವೇಸಾಮಾನ್ಯ: ಪಟ್ಟಿಯ ಬಹುಪಾಲು ತುಂಬಿರುವುದು ಬೆರಳೆಣಿಕೆಯ ಮನೆಗಳ ಹೆಸರುಗಳಿಂದಲೇ.

ಈ ಲೆಕ್ಕ ಸಾಧ್ಯವಾದದ್ದು ‘ಪೆಸೆಲ್’ ಎಂಬ ರಾಷ್ಟ್ರೀಯ ನೋಂದಣಿಯಿಂದ. 1970ರ ದಶಕದ ಕೊನೆಯಿಂದ ಪ್ರತಿಯೊಬ್ಬ ನಾಗರಿಕನಿಗೂ ಅದರಲ್ಲಿ 11 ಅಂಕೆಗಳ ಸಂಖ್ಯೆಯಿದೆ. ಕಜಿಮೇಜ್ ರಿಮುಟ್ ಎಂಬ ಭಾಷಾವಿಜ್ಞಾನಿ ಈ ದತ್ತಾಂಶದ ಮೇಲೆ ಕೂತು, 1992ರಿಂದ 1994ರ ನಡುವೆ ಹತ್ತು ಸಂಪುಟಗಳ ಅಡ್ಡಹೆಸರು ಕೋಶವನ್ನು ಹೊರತಂದರು. ಯಾವ ಹೆಸರಿನವರು ದೇಶದಲ್ಲಿ ಎಷ್ಟು ಎಂಬುದರ ಜೊತೆಗೆ ಆಗಿನ 49 ಪ್ರಾಂತ್ಯಗಳಲ್ಲಿ ಎಲ್ಲೆಲ್ಲಿ ಎಷ್ಟು ಎಂದೂ ಅದರಲ್ಲಿ ಬಿಡಿಸಿ ಕೊಟ್ಟಿದ್ದಾರೆ. ನೋವಾಕ್‌ಗೆ ಚುಕ್ಕೆ ಇಡುತ್ತ ಹೋದರೆ ನಕಾಶೆಯೇ ಮುಚ್ಚಿಹೋಗುತ್ತದೆ. ಅಪರೂಪದ ಹೆಸರಿಗೆ ಇಟ್ಟರೆ ಎಷ್ಟೋ ಸಲ ಒಂದೆರಡು ಕಡೆ ಮಾತ್ರ ಚುಕ್ಕೆಗಳು ಗುಂಪುಗೂಡುತ್ತವೆ. ವಂಶಾವಳಿ ಹುಡುಕುವವರಿಗೆ ಅದೇ ಮೊದಲ ಸುಳಿವು.

ಎಣಿಸುವವರಿಗೆ ಪೋಲಿಷ್ ವ್ಯಾಕರಣ ಕೊಡುವ ಕಾಟವೂ ಕಡಿಮೆಯಲ್ಲ. ಗಂಡ ಕೊವಾಲ್ಸ್ಕಿಯಾದರೆ ಹೆಂಡತಿ ಕೊವಾಲ್ಸ್ಕಾ. ಕಂಪ್ಯೂಟರಿನ ಕಣ್ಣಿಗೆ ಇವೆರಡು ಬೇರೆ ಬೇರೆ ಹೆಸರು. ಹಳೆಯ ಚರ್ಚ್ ದಾಖಲೆಗಳಲ್ಲಿ ಕೊಪೆರ್ನಿಕನ ಹೆಂಡತಿ ಕೊಪೆರ್ನಿಕೋವಾ, ಮದುವೆಯಾಗದ ಮಗಳು ಕೊಪೆರ್ನಿಕುವ್ನಾ ಆಗಬಹುದು. ಮೇಲಿಂದ ನಮ್ಮ ಭಾಷೆಯ ಹಾಗೆ ಅಲ್ಲೂ ಹೆಸರಿಗೆ ವಿಭಕ್ತಿ ಹತ್ತುತ್ತದೆ: ಕೊಪೆರ್ನಿಕನ ಎನ್ನಲು ಕೊಪೆರ್ನಿಕಾ, ಕೊಪೆರ್ನಿಕನಿಗೆ ಎನ್ನಲು ಕೊಪೆರ್ನಿಕೋವಿ. ಬರೆಯುವ ಗುಮಾಸ್ತ ಜರ್ಮನ್ನನಾದರೆ ಕಾಗುಣಿತವೂ ಬದಲು. ಹೀಗೆ ಒಂದೇ ಹೆಸರು ಒಡೆದು ಹಲವು ‘ಅಪರೂಪದ’ ಹೆಸರುಗಳಾಗುವುದೂ ಉಂಟು.

ಎರಡು ನಾಣ್ಯಗಳ ಆಟ

ಅಪರೂಪವಾಗಿ ಹುಟ್ಟಿದ ಹೆಸರು ಶತಮಾನಗಳ ಕಾಲ ಬದುಕಿ ಉಳಿಯುವ ಸಾಧ್ಯತೆ ಎಷ್ಟು? 1873ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಇದನ್ನೇ ಗಣಿತದ ಪ್ರಶ್ನೆಯಾಗಿ ಮುಂದಿಟ್ಟ. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಉತ್ತರಿಸಿದ. ಮರುವರ್ಷ ಇಬ್ಬರೂ ಸೇರಿ ಪ್ರಬಂಧ ಬರೆದರು.

ಗಣಿತದ ಭಯ ಬೇಡ. ಎರಡು ನಾಣ್ಯ ಸಾಕು. ಹೆಸರು ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ ಎಂದಿಟ್ಟುಕೊಳ್ಳಿ. ಪ್ರತಿ ಗಂಡಸೂ ಎರಡು ನಾಣ್ಯ ಚಿಮ್ಮಲಿ. ಎಷ್ಟು ‘ತಲೆ’ ಬಿತ್ತೋ ಅಷ್ಟು ಗಂಡುಮಕ್ಕಳು. ಸರಾಸರಿ ಒಬ್ಬನಿಗೆ ಒಬ್ಬ ಮಗ, ಅಂದರೆ ಜನಸಂಖ್ಯೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಲ್ಲ ಸರಿಯಾಗೇ ಇದೆ ಅನ್ನಿಸುತ್ತದೆ. ಆದರೆ ಮೊದಲ ತಲೆಮಾರಿನಲ್ಲೇ ಎರಡೂ ನಾಣ್ಯ ‘ಬಾಲ’ ಬಿದ್ದು ಹೆಸರು ಅಳಿಯುವ ಸಂಭವ ನೂರಕ್ಕೆ 25. ಎರಡನೆಯ ತಲೆಮಾರಿನ ಹೊತ್ತಿಗೆ 39, ಮೂರನೆಯದಕ್ಕೆ 48. ಹತ್ತು ತಲೆಮಾರು, ಅಂದರೆ ಹತ್ತಿರ ಹತ್ತಿರ 300 ವರ್ಷ ಕಳೆಯುವಾಗ 74! ಒಂದೇ ಮನೆಯಲ್ಲಿ ಶುರುವಾದ ನಾಲ್ಕು ಹೆಸರುಗಳಲ್ಲಿ ಮೂರು ಅಷ್ಟರಲ್ಲಿ ಅಳಿದಿರುತ್ತವೆ. ಯುದ್ಧ ಬೇಡ, ಪ್ಲೇಗ್ ಬೇಡ, ಬರೀ ಆಕಸ್ಮಿಕ ಸಾಕು.

ಈಗ ಅದೇ ಹೆಸರು ಹತ್ತು ಮನೆಗಳಲ್ಲಿ ಬೇರೆ ಬೇರೆಯಾಗಿ ಹುಟ್ಟಿದೆ ಎನ್ನಿ. ಹತ್ತೂ ಮನೆಗಳಲ್ಲಿ ದೀಪ ಆರಬೇಕಾದ ಸಂಭವ ನೂರಕ್ಕೆ 5ಕ್ಕೆ ಇಳಿಯುತ್ತದೆ. ನೂರಾರು ಕಮ್ಮಾರರಿಂದ ಹುಟ್ಟಿದ ಕೊವಾಲ್ಸ್ಕಿ ಏಕೆ ಅಲುಗಾಡುವುದಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ವಾಟ್ಸನ್ ಒಂದು ಕಡೆ ಎಡವಿದ್ದ. ಜನಸಂಖ್ಯೆ ಬೆಳೆಯುತ್ತಿದ್ದರೂ ಎಲ್ಲ ಹೆಸರುಗಳೂ ಒಂದು ದಿನ ಅಳಿಯಲೇಬೇಕು ಎಂದುಬಿಟ್ಟ. ಅದು ತಪ್ಪು. ಸರಾಸರಿ ಗಂಡುಮಕ್ಕಳ ಸಂಖ್ಯೆ ಒಂದನ್ನು ದಾಟಿದರೆ ಉಳಿವಿನ ದಾರಿ ತೆರೆದಿರುತ್ತದೆ. ಫ್ರಾನ್ಸಿನ ಬಿಯನೆಮೆ 1845ರಲ್ಲೇ ಸರಿಯಾದ ಉತ್ತರ ಕಂಡುಕೊಂಡಿದ್ದ, ಯಾರೂ ಗಮನಿಸಿರಲಿಲ್ಲ. ಆದರೂ ಆ ದಾರಿ ಕಿರಿದು. 1930ರ ದಶಕದಲ್ಲಿ ಆಲ್‌ಫ್ರೆಡ್ ಲೋಟ್ಕಾ ಅಮೆರಿಕದ ಜನಗಣತಿಯ ಅಂಕಿಗಳನ್ನು ಈ ಸೂತ್ರಕ್ಕೆ ಹಾಕಿದ. ಜನಸಂಖ್ಯೆ ಏರುತ್ತಿದ್ದ ಆ ದೇಶದಲ್ಲೂ ಒಬ್ಬ ಗಂಡಸಿನಿಂದ ಶುರುವಾಗುವ ಗಂಡುಸಂತತಿಯ ಸಾಲು ಕೊನೆಗೆ ಅಳಿದುಹೋಗುವ ಸಂಭವ ನೂರಕ್ಕೆ 80ನ್ನು ಮೀರಿತ್ತು. ಲೋಟ್ಕಾ ಹುಟ್ಟಿದ್ದು 1880ರಲ್ಲಿ, ಹಿಂದೆ ಪೋಲೆಂಡಿಗೆ ಸೇರಿದ್ದ, ಇಂದು ಉಕ್ರೇನಿನಲ್ಲಿರುವ ಲ್ವಿವ್ ನಗರದಲ್ಲಿ.

ಒಂದು ಮನೆಯಲ್ಲಿ ನಾಣ್ಯ ಬಿದ್ದ ಬಗೆ

ಟೊರುನ್‌ನ ಕೊಪೆರ್ನಿಕ್ ಮನೆಯಲ್ಲಿ ಮಕ್ಕಳು ನಾಲ್ವರು. ಹಿರಿಯ ಮಗ ಆಂದ್ಜೆಯ್, ಕಿರಿಯ ಮಗ 1473ರ ಫೆಬ್ರವರಿ 19ರಂದು ಹುಟ್ಟಿದ ಮಿಕೊವಾಯ್, ಅಂದರೆ ನಮ್ಮ ನಿಕೋಲಸ್. ಹೆಣ್ಣುಮಕ್ಕಳು ಬಾರ್ಬರಾ ಮತ್ತು ಕತಜೀನಾ. ಅಪ್ಪ ಬೇಗ ತೀರಿಕೊಂಡ ಮೇಲೆ ಸೋದರಮಾವ ಲುಕಾಸ್ ವಾಟ್ಸೆನ್‌ರೋಡೆ ಬೆನ್ನಿಗೆ ನಿಂತ. ಮುಂದೆ ಬಿಷಪ್ ಆದ ಈ ಮಾವನ ಆಸರೆಯಲ್ಲಿ ಸೋದರಳಿಯಂದಿರಿಬ್ಬರೂ ಫ್ರೊಂಬೋರ್ಕ್ ಚರ್ಚಿನ ಹುದ್ದೆ ಹಿಡಿದರು. ಹುದ್ದೆ ಬಂತು, ಸಂಬಳ ಬಂತು, ಆಕಾಶ ನೋಡಲು ಬಿಡುವೂ ಸಿಕ್ಕಿತು. ಮದುವೆ ಮಾತ್ರ ಇಲ್ಲ. ಬಾರ್ಬರಾ ಸನ್ಯಾಸಿನಿಯಾದಳು. ಕತಜೀನಾ ಗೆರ್ಟ್ನರ್ ಎಂಬ ವ್ಯಾಪಾರಿಯನ್ನು ಮದುವೆಯಾದಳು. ಅವಳಿಗೆ ಐವರು ಮಕ್ಕಳು, ಐವರೂ ಗೆರ್ಟ್ನರ್‌ಗಳು. ಗಂಡುಮಕ್ಕಳಿಬ್ಬರಿಗೂ ಎರಡೆರಡು ನಾಣ್ಯವೂ ‘ಬಾಲ’ ಬಿದ್ದಿದ್ದವು. ಜಗತ್ತಿನ ಅತಿ ಪ್ರಸಿದ್ಧ ಪೋಲಿಷ್ ಅಡ್ಡಹೆಸರು ಆ ಮನೆಯಲ್ಲಿ ಅಲ್ಲಿಗೇ ನಿಂತಿತು. ಇಂದು ಪೋಲೆಂಡಿನಲ್ಲಿ ಕೊಪೆರ್ನಿಕ್ ಎಂಬ ಹೆಸರು ಹೊತ್ತವರು ಯಾರೇ ಸಿಕ್ಕರೂ ಅವರು ಆತನ ಸಂತತಿಯಲ್ಲ.

ಇದರಿಂದ ನಿಜವಾಗಿ ತೊಂದರೆ ಆದದ್ದು ಐದು ಶತಮಾನಗಳ ನಂತರ. 2005ರಲ್ಲಿ ಫ್ರೊಂಬೋರ್ಕ್ ಚರ್ಚಿನ ನೆಲ ಅಗೆದ ಪುರಾತತ್ತ್ವಜ್ಞರಿಗೆ ವಯಸ್ಸಾದ ಗಂಡಸೊಬ್ಬನ ತಲೆಬುರುಡೆ ಸಿಕ್ಕಿತು. ಅದು ಕೊಪರ್ನಿಕಸ್‌ನದೇ ಎಂದು ಹೇಳುವುದು ಹೇಗೆ? ಅಡ್ಡಹೆಸರಿನಂತೆಯೇ ಅಪ್ಪನಿಂದ ಮಗನಿಗೆ ಮಾತ್ರ ಹೋಗುವ ವೈ ವರ್ಣತಂತುವನ್ನು ಹೋಲಿಸಿ ನೋಡಲು ಗಂಡುಸಂತತಿಯೇ ಇರಲಿಲ್ಲ. ನೆರವಿಗೆ ಬಂದದ್ದು ಒಂದು ಪುಸ್ತಕ. ಕೊಪರ್ನಿಕಸ್ ವರ್ಷಗಟ್ಟಲೆ ಬಳಸಿದ್ದ, 1518ರಲ್ಲಿ ಅಚ್ಚಾದ ಪಂಚಾಂಗವೊಂದು ಯುದ್ಧದ ಲೂಟಿಯಾಗಿ ಸ್ವೀಡನ್ ಸೇರಿ ಉಪ್ಸಲಾದಲ್ಲಿ ಉಳಿದಿತ್ತು. ಅದರ ಹಾಳೆಗಳ ನಡುವೆ ಕೂದಲುಗಳಿದ್ದವು. ಬುಡವಿಲ್ಲದ ಹಳೆಯ ಕೂದಲಿನಲ್ಲಿ ಹೆಚ್ಚಾಗಿ ಉಳಿಯುವುದು ಮೈಟೋಕಾಂಡ್ರಿಯಾದ ಡಿಎನ್ಎ. ಅದು ತಾಯಿಯಿಂದ ಮಕ್ಕಳಿಗೆ ಬರುವಂಥದ್ದು. ಪರೀಕ್ಷಿಸಿದ ಕೂದಲುಗಳಲ್ಲಿ ಎರಡು, ಬುರುಡೆಯ ಹಲ್ಲಿಗೆ ತಾಳೆಯಾದವು. 2010ರ ಮೇ ತಿಂಗಳಲ್ಲಿ ಅದೇ ಚರ್ಚಿನಲ್ಲಿ ಆತನನ್ನು ಗೌರವದಿಂದ ಮತ್ತೆ ಮಣ್ಣು ಮಾಡಿದರು.

ಅಂದರೆ ಕೊಪೆರ್ನಿಕ್‌ನನ್ನು ಕೊಪೆರ್ನಿಕ್ ಎಂದು ಗುರುತು ಹಿಡಿದದ್ದು ವಾಟ್ಸೆನ್‌ರೋಡೆ ಮನೆಯಿಂದ ಬಂದ ಬಾರ್ಬರಾ ಕೊಟ್ಟ ಡಿಎನ್ಎ. ಅದನ್ನೇ ಅವಳು ಮಗಳು ಕತಜೀನಾಳಿಗೂ ಕೊಟ್ಟಿದ್ದಳು. ಆ ಮಗಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು ಎಂದು ಎಳೆ ಎಲ್ಲಾದರೂ ಕಡಿಯದೆ ಸಾಗಿದ್ದರೆ, ಫ್ರೊಂಬೋರ್ಕ್‌ನ ಆ ಹಲ್ಲಿನಲ್ಲಿದ್ದ ಡಿಎನ್ಎ ಇಂದು ಯಾರದೋ ಮೈಯಲ್ಲಿ ಜೀವಂತವಾಗಿರುತ್ತದೆ. ಮದುವೆಯಿಂದ ಮದುವೆಗೆ ಹೆಸರು ಬದಲಾಗುತ್ತ ಬಂದಿರುವ ಆಕೆಯ ಅಡ್ಡಹೆಸರು ನೋವಾಕ್ ಎಂದೂ ಇರಬಹುದು.