ಒಂದೇ ಬೆಟ್ಟ, ಎರಡು ನದಿ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಇಟಲಿಯ ಸುಬಾಸಿಯೊ ಬೆಟ್ಟದ ಇಳಿಜಾರಿನಲ್ಲಿರುವ ಆ ಪುರಾತನ ಊರನ್ನು ಒಮ್ಮೆ ನೋಡಬೇಕೆಂಬ ಆಸೆ ನಮ್ಮಲ್ಲಿ ಹಲವರಿಗಿದೆ. ಆದರೆ ಅಷ್ಟು ದೂರ ಹೋಗಿಬರುವ ಅನುಕೂಲ ಎಲ್ಲರಿಗೂ ಎಲ್ಲಿದೆ? ಆದ್ದರಿಂದ ಹಬ್ಬದ ಹಿಂದಿನ ಶನಿವಾರ ನಾವು ಕೆಲವು ಕುಟುಂಬಗಳು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಹತ್ತಿರದ ದೇವರಾಯನದುರ್ಗಕ್ಕೆ ಹೊರಟೆವು.

ಬೆಟ್ಟದ ಎತ್ತರ ಸುಮಾರು 3,900 ಅಡಿ. ಮೈಸೂರಿನ ಚಿಕ್ಕದೇವರಾಜ ಒಡೆಯರು (1673–1704) ಇಲ್ಲಿಯ ಕೋಟೆಯನ್ನು ಗೆದ್ದ ಮೇಲೆ ಈ ಹೆಸರು ಬಂತು. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ ದೇವಾಲಯ. ನೆರೆಹೊರೆಯವರ ಪವಿತ್ರ ಸ್ಥಳವೆಂದು ಚಪ್ಪಲಿ ಬಿಟ್ಟು ಮೌನವಾಗಿ ನಿಂತೆವು.

ದಾರಿಯಲ್ಲಿ ನಾಮದ ಚಿಲುಮೆ ಸಿಕ್ಕಿತು. ನಾಮ ಇಟ್ಟುಕೊಳ್ಳಲು ನೀರು ಸಿಗದೆ ಶ್ರೀರಾಮ ಬಾಣ ಬಿಟ್ಟಾಗ ಬಂಡೆಯಿಂದ ನೀರು ಚಿಮ್ಮಿತೆಂದು ಹಿರಿಯರು ಹೇಳುತ್ತಾರೆ. ಬೇಸಿಗೆಯಲ್ಲೂ ಅದು ಬತ್ತುವುದಿಲ್ಲ. ಇದು ಹೇಗೆ? ಕಾಡಿನ ತರಗೆಲೆ ಮತ್ತು ಬೇರುಗಳು ಮಳೆನೀರನ್ನು ತಡೆದು ನಿಲ್ಲಿಸುತ್ತವೆ. ನೀರು ಬಂಡೆಯ ಬಿರುಕುಗಳಲ್ಲಿ ಮೆಲ್ಲನೆ ಇಳಿದು, ಕೆಳಗೆ ಒರತೆಯಾಗಿ ಹೊರಬರುತ್ತದೆ. ಗಿಡಮರ ಹೋದರೆ ಅದೇ ಮಳೆ ಮಣ್ಣನ್ನೂ ಕೊಚ್ಚಿಕೊಂಡು ಒಂದೇ ತಾಸಿನಲ್ಲಿ ಹರಿದುಹೋಗುತ್ತದೆ.

ಈ ಬೆಟ್ಟಸಾಲಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಕಡೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ ಕಾವೇರಿಗೆ ಹೋಗುತ್ತದೆ. ಒಂದು ಆಂಧ್ರದ ಹೊಲಕ್ಕೆ, ಇನ್ನೊಂದು ತಮಿಳುನಾಡಿನ ಗದ್ದೆಗೆ!

ಊಟದ ಹೊತ್ತಿಗೆ ನಮ್ಮವರೇ ಒಬ್ಬರು ಪ್ಲಾಸ್ಟಿಕ್ ತಟ್ಟೆಯನ್ನು ಬಂಡೆಯ ಸಂದಿಗೆ ಎಸೆದರು. ಆಗ ಪುಟ್ಟ ಹುಡುಗಿಯೊಬ್ಬಳು, "ಫಾದರ್, ಈ ತಟ್ಟೆ ಯಾವ ನದಿಗೆ ಹೋಗುತ್ತೆ?" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಎಸೆದವರೇ ಇಳಿದುಹೋಗಿ ತಟ್ಟೆಯನ್ನು ಎತ್ತಿ ತಂದರು.

1226ರಲ್ಲಿ ತೀರಿಕೊಂಡ ಸಂತ ಫ್ರಾನ್ಸಿಸರು ನೀರನ್ನು ಸೋದರಿ ಎಂದು ಕರೆದರು. ಸೋದರಿಯ ಮನೆಬಾಗಿಲಲ್ಲಿ ನಾವು ಕಸ ಸುರಿಯುತ್ತೇವೆಯೇ? ಬೋರ್‌ವೆಲ್ ಬತ್ತಿದಾಗ ಮಳೆಗಾಗಿ ಪ್ರಾರ್ಥಿಸುವ ನಾವು, ಬಿದ್ದ ಮಳೆಯನ್ನು ಕಾಯುವ ಬೆಟ್ಟವನ್ನೂ ನೆನೆಯಬೇಕು. ಮುಂದಿನ ಸಲ ಬೆಟ್ಟಕ್ಕೆ ಹೋಗುವಾಗ ಬುತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿ ಒಯ್ಯೋಣ, ಒಯ್ದದ್ದನ್ನೆಲ್ಲ ಮನೆಗೆ ತರೋಣ. ಹಬ್ಬದ ಆಚರಣೆ ಅಲ್ಲಿಂದಲೇ ಆರಂಭವಾಗಲಿ.