ಕಾರಿನ ಎ.ಸಿ. ತಂಪು ಕೊಡುತ್ತಿಲ್ಲವೇ? ಶಾಖದ ದಾರಿ ಹುಡುಕಿ!

ಮಕ್ಕಳೇ, ನಿಮ್ಮ ಮುಂಗೈಗೆ ಎರಡು ಹನಿ ನೀರು ಸವರಿ, ಮೆಲ್ಲಗೆ ಊದಿ ನೋಡಿ. ತಣ್ಣಗಾಯಿತಲ್ಲವೇ? ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ನಿಮ್ಮ ಚರ್ಮದಿಂದಲೇ ತೆಗೆದುಕೊಂಡಿತು. ಮಣ್ಣಿನ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಕಾರಿನ ಎ.ಸಿ.ಯೂ ಇದೇ ತತ್ವದಿಂದ ಕೆಲಸ ಮಾಡುತ್ತದೆ.

ಎ.ಸಿ. ತಂಪನ್ನು ತಯಾರಿಸುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಅದು ಕಾರಿನ ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೇ. ಇದೊಂದನ್ನು ನೆನಪಿಟ್ಟರೆ ಸಾಕು, ಎ.ಸಿ. ಕೆಟ್ಟಾಗ ತೊಂದರೆ ಎಲ್ಲಿರಬಹುದೆಂದು ನೀವೇ ಊಹಿಸಬಹುದು.

ಶಾಖದ ಪ್ರಯಾಣ

ಎ.ಸಿ.ಯ ಕೊಳವೆಗಳಲ್ಲಿ ಶೀತಕ ಎಂಬ ವಸ್ತು ಸುತ್ತುತ್ತಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಗ್ಯಾಸ್’ ಎನ್ನುತ್ತಾರೆ. ಹಲವು ಕಾರುಗಳಲ್ಲಿ ಇರುವುದು ಆರ್-134ಎ ಎಂಬ ಶೀತಕ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆದರೆ ಈ ಶೀತಕ ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ!

ಡ್ಯಾಶ್‌ಬೋರ್ಡಿನ ಹಿಂದೆ ಕೂಲಿಂಗ್ ಕಾಯಿಲ್ ಇರುತ್ತದೆ. ಅಲ್ಲಿ ಶೀತಕವು ಕಾರಿನೊಳಗಿನ ಗಾಳಿಯಿಂದ ಶಾಖ ಹೀರಿ ಆವಿಯಾಗುತ್ತದೆ. ತಂಪಾದ ಗಾಳಿಯನ್ನು ಬ್ಲೋವರ್ ಎಂಬ ಫ್ಯಾನ್ ನಮ್ಮತ್ತ ಬೀಸುತ್ತದೆ.

ಮುಂದೆ ಕಂಪ್ರೆಸರ್ ಆ ಆವಿಯನ್ನು ಬಲವಾಗಿ ಒತ್ತುತ್ತದೆ. ಒತ್ತಿದಾಗ ಅನಿಲ ಬಿಸಿಯಾಗುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಗಮನಿಸಿರಬಹುದು. ಹೊರಗಿನ ಗಾಳಿಗಿಂತಲೂ ಬಿಸಿಯಾದ ಈ ಆವಿ ಕಾರಿನ ಮುಂಭಾಗದಲ್ಲಿರುವ ಕಂಡೆನ್ಸರ್‌ಗೆ ಬರುತ್ತದೆ. ಅಲ್ಲಿ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಕೊನೆಗೆ ಕಿರಿದಾದ ಕವಾಟವೊಂದನ್ನು ದಾಟಿದಾಗ ಒತ್ತಡ ಇಳಿದು, ಪುನಃ ಆವಿಯಾಗಲು ಸಿದ್ಧವಾಗುತ್ತದೆ.

ಈಗ ನಾವು ಪತ್ತೇದಾರರು

ಎ.ಸಿ. ಹಾಕಿದರೂ ತಂಪಿಲ್ಲ ಎಂದುಕೊಳ್ಳಿ. ಒಂದೊಂದಾಗಿ ಪ್ರಶ್ನೆ ಕೇಳೋಣ.

1. ಗಾಳಿ ಜೋರಾಗಿ ಬರುತ್ತಿದೆಯೇ? ಇಲ್ಲವಾದರೆ ಗಾಳಿ ಸೋಸುವ ಫಿಲ್ಟರ್‌ನಲ್ಲಿ ದೂಳು ಕಟ್ಟಿರಬಹುದು, ಇಲ್ಲವೇ ಬ್ಲೋವರ್ ಕೆಟ್ಟಿರಬಹುದು. ಫಿಲ್ಟರ್ ಶುಚಿ ಮಾಡುವುದು ಅಥವಾ ಬದಲಿಸುವುದು ಹೆಚ್ಚು ಖರ್ಚಿಲ್ಲದ ಕೆಲಸ.

2. ಗಾಳಿ ಜೋರಾಗಿದ್ದರೂ ಬಿಸಿಯೇ? ಹಲವು ಕಾರುಗಳಲ್ಲಿ ಎ.ಸಿ. ಗುಂಡಿ ಒತ್ತಿದಾಗ ಕಂಪ್ರೆಸರ್‌ನಿಂದ ‘ಟಕ್’ ಎಂಬ ಸದ್ದು ಬರುತ್ತದೆ. ಆ ಸದ್ದು ಬರದಿದ್ದರೆ ಫ್ಯೂಸ್ ಹೋಗಿರಬಹುದು. ಗ್ಯಾಸ್ ತೀರ ಕಡಿಮೆಯಾದಾಗಲೂ ಕಂಪ್ರೆಸರ್ ಹಾಳಾಗದಂತೆ ಒಂದು ಸ್ವಿಚ್ ಅದನ್ನು ತಡೆಯುತ್ತದೆ.

3. ಕಾರು ಓಡುವಾಗ ತಂಪು, ನಿಂತಾಗ ಬಿಸಿಯೇ? ಇದು ಒಳ್ಳೆಯ ಸುಳಿವು! ಓಡುವಾಗ ಎದುರುಗಾಳಿ ಕಂಡೆನ್ಸರ್‌ನ ಶಾಖವನ್ನು ಒಯ್ಯುತ್ತದೆ. ನಿಂತಾಗ ಆ ಕೆಲಸವನ್ನು ಫ್ಯಾನ್ ಮಾಡಬೇಕು. ಹಾಗಾಗಿ ಅನುಮಾನ ಫ್ಯಾನಿನ ಮೇಲೆ. ಕಂಡೆನ್ಸರ್‌ನ ಸಂದಿಗಳಲ್ಲಿ ದೂಳು, ಎಲೆ, ಹುಳುಗಳು ಸಿಕ್ಕಿಕೊಂಡಿದ್ದರೂ ಶಾಖ ಹೊರಹೋಗದು.

4. ತಂಪು ದಿನೇ ದಿನೇ ಕಡಿಮೆಯಾಯಿತೇ? ಹಾಗಿದ್ದರೆ ಗ್ಯಾಸ್ ಸೋರುತ್ತಿರಬಹುದು. ಶೀತಕದ ಜೊತೆ ಸ್ವಲ್ಪ ಎಣ್ಣೆಯೂ ಸುತ್ತುವುದರಿಂದ, ಸೋರುವ ಜಾಗದಲ್ಲಿ ಎಣ್ಣೆಯ ಕಲೆ ಕಾಣಬಹುದು.

ಗ್ಯಾಸ್ ತುಂಬಿಸಿದರೆ ಸಾಕೇ?

ಪೆಟ್ರೋಲ್ ಉರಿದು ಖರ್ಚಾಗುತ್ತದೆ. ಶೀತಕ ಹಾಗಲ್ಲ, ಅದು ಒಳಗೇ ಸುತ್ತುತ್ತಿರುತ್ತದೆ. ಗ್ಯಾಸ್ ಬಹಳ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಮುಚ್ಚದೆ ಮತ್ತೆ ತುಂಬಿಸುವುದು ತೂತು ಕೊಡಕ್ಕೆ ನೀರು ತುಂಬಿದಂತೆ.

ಇದು ಹಣದ ಪ್ರಶ್ನೆ ಮಾತ್ರವಲ್ಲ. ಹಿಂದೆ ಕಾರುಗಳಲ್ಲಿ ಆರ್-12 ಎಂಬ ಶೀತಕವಿತ್ತು. ಅದು ಓಝೋನ್ ಪದರವನ್ನು ಹಾಳು ಮಾಡುತ್ತಿದ್ದುದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಹಂತ ಹಂತವಾಗಿ ಅದನ್ನು ನಿಲ್ಲಿಸಲಾಯಿತು. ಅದರ ಬದಲಿಗೆ ಬಂದ ಆರ್-134ಎ ಓಝೋನ್‌ಗೆ ಹಾನಿ ಮಾಡದು. ಆದರೆ 100 ವರ್ಷಗಳ ಲೆಕ್ಕದಲ್ಲಿ, ಒಂದು ಕಿಲೋಗ್ರಾಂ ಆರ್-134ಎ ಭೂಮಿಯನ್ನು ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಮಾಡುತ್ತದೆ. ಇಂತಹ ಅನಿಲಗಳ ಬಳಕೆ ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿದವು. ಭಾರತ ಇದನ್ನು 2021ರಲ್ಲಿ ಅಂಗೀಕರಿಸಿತು. ನಮ್ಮನ್ನು ತಂಪಾಗಿಡುವ ಅನಿಲ ಸೋರಿ ಭೂಮಿಯನ್ನೇ ಬಿಸಿ ಮಾಡಬಾರದಲ್ಲವೇ?

ಎಚ್ಚರಿಕೆ!

ಕಾರಿನ ಬಾನೆಟ್ ತೆರೆದಿದ್ದಾಗ ಕೈ ಹಾಕಬೇಡಿ. ಫ್ಯಾನ್ ಇದ್ದಕ್ಕಿದ್ದಂತೆ ತಿರುಗಬಹುದು. ಶೀತಕ ದ್ರವ ಚರ್ಮಕ್ಕೆ ತಾಗಿದರೆ ಅತಿ ಶೀತದಿಂದ ಗಾಯವಾಗುತ್ತದೆ. ಗ್ಯಾಸಿನ ಕೆಲಸ ತಿಳಿದ ಮೆಕ್ಯಾನಿಕ್‌ಗೇ ಸೇರಿದ್ದು.

ಇನ್ನೊಂದು ಮುಖ್ಯ ಮಾತು. ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಆಟಕ್ಕೂ ಕೂರಬೇಡಿ. ಹೊರಗೆ 35 ಡಿಗ್ರಿ ಇದ್ದರೂ ಒಳಗೆ 50 ಡಿಗ್ರಿ ದಾಟಬಹುದು. ಇದರಿಂದ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ತಮ್ಮ, ತಂಗಿಯರಿಗೂ ಇದನ್ನು ಹೇಳಿ.

ಯೋಚಿಸಿ

ಫ್ರಿಜ್ ಕೂಡ ಎ.ಸಿ.ಯಂತೆಯೇ ಶಾಖವನ್ನು ಸಾಗಿಸುತ್ತದೆ. ಮುಚ್ಚಿದ ಕೋಣೆಯಲ್ಲಿ ಫ್ರಿಜ್‌ನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುವುದೇ? ಫ್ರಿಜ್ ಒಳಗಿನಿಂದ ತೆಗೆದ ಶಾಖ ಎಲ್ಲಿಗೆ ಹೋಗುತ್ತದೆ? ಗೆಳೆಯರೊಂದಿಗೆ ಚರ್ಚಿಸಿ, ಉತ್ತರವನ್ನು ವಿಜ್ಞಾನ ಶಿಕ್ಷಕರಿಗೆ ತೋರಿಸಿ.